ಥಂಡಿ, ಎಣ್ಣಿ ಮತ್ತ ನಮ್ಮನಿ ಯೆಜ್ಡಿ

ಈ ಸಲ ದೀಪಾವಳಿಗೆ ಊರಿಗೆ ಬಂದ ಮಗ, ಹಿತ್ತಲ ಪತ್ರಾಸದ ಕೆಳಗ ತಾಡಪತ್ರಿ ಹೊತ್ಕೊಂಡು ಕುಂತಿದ್ದ ಹಳೇ ಯೆಜ್ಡಿ ಗಾಡಿಯನ್ನ ಹೊರಗ ತಗದ. ಹದಿನೈದು ದಿನ ಅದರ ಬೆನ್ನ ಹತ್ತಿ, ಪೈಪು ಬದಲಿ ಮಾಡಿ, ಟ್ಯಾಂಕಿನ ತುಕ್ಕು ತೊಳದು, ಕಡೀಕ ಒಂದು ಮುಂಜಾನಿ ಚಾಲೂ ಮಾಡೇಬಿಟ್ಟ. ಆ ಫಟ್ ಫಟ್ ಸಪ್ಪಳಕ್ಕ ಇಡೀ ಓಣಿನ ಹೊರಗ ಬಂತು. ಹೊಗಿ ನೋಡಿ ಸಣ್ಣ ಹುಡುಗೋರು ಗಾಡಿಗೆ ಬೆಂಕಿ ಹತ್ತೇತಿ ಅಂದ್ರು. ಬಾಜೂ ಮನಿ ಅಕ್ಕಾರು ಮಾತ್ರ ನನ್ನ ಕಿವಿ ಹತ್ರ ಬಂದು ಬ್ಯಾರೇನ ಕೇಳಿದ್ರು: "ನಮ್ಮವ್ರ ಗಾಡಿನೂ ಮುಂಜಾನಿ ಮುಂಜಾನಿ ಚಾಲೂ ಆಗವಲ್ದು. ಥಂಡಿಗೆ ಇಂಜಿನ್ ಎಣ್ಣಿ ಗಟ್ಟಿ ಆಗತೈತಂತ. ಖರೇ ಏನ್ರೀ?"

ಅವತ್ತು ಅವರಿಗೆ "ಅರ್ಧಾ ಖರೇ" ಅಂತಷ್ಟ ಹೇಳಿದ್ನಿ. ಒಲಿ ಮ್ಯಾಲ ಹಾಲಿತ್ತು. ಉಳಿದ ಅರ್ಧಾ ಇಲ್ಲಿ ಬರೀತೀನಿ. ಬರಿಯಾಕ ಇನ್ನೊಂದು ಕಾರಣಾನೂ ಐತಿ. ನಮ್ಮ ಬೀಗರು ಬಿಜ್ಜರೊಳಗ ಮೂವತ್ತು ವರ್ಷದಿಂದ ಒಂದು ಮಾತು ನಡದು ಬಂದೈತಿ, "ಅವರ ಯೆಜ್ಡಿ ಥಂಡಿಗೆ ಹಿಡಕೊಂಡಿತ್ತು, ಅದಕ್ಕ ಅವರು ಬಿದ್ರು" ಅಂತ. ಆ ಮಾತು ಪೂರ್ತಿ ಖರೇ ಅಲ್ಲ. ಯಾಕ ಅಲ್ಲ ಅನ್ನೋದು ನನಗೊಬ್ಬಾಕಿಗೆ ಗೊತ್ತಿತ್ತು.

ಮೊದಲ ಥಂಡಿ ವಿಚಾರ ಮುಗಿಸೂನು. ನಿಮ್ಮ ಮನಿ ಬಚ್ಚಲದ ಮಾಡದಾಗ ಕೊಬ್ಬರಿ ಎಣ್ಣಿ ಬಾಟ್ಲಿ ಇರತೈತಿ ಹೌದಿಲ್ಲೋ? ಡಿಸೆಂಬರ್ ಬಂತಂದ್ರ ಅದು ಬೆಳ್ಳಗ ಗಟ್ಟಿ ಆಗಿ, ಬಿಸಿನೀರಾಗ ಇಟ್ರ ಮಾತ್ರ ಇಳೀತೈತಿ. ಸುಮಾರು 24 ಡಿಗ್ರಿಗಿಂತ ಕೆಳಗ ಹೋತಂದ್ರ ಅದು ಹೆಪ್ಪುಗಟ್ಟಾಕ ಸುರು. ಅದ ಮನಿಯೊಳಗ, ಅಡಗಿ ಕಟ್ಟಿ ಮ್ಯಾಲಿನ ಕುಸುಬಿ ಎಣ್ಣಿ ಎಷ್ಟ ಥಂಡಿ ಬಿದ್ರೂ ನೀರಿನಂಗ ಹರೀತಿರತೈತಿ. ಎರಡೂ ಎಣ್ಣಿನ, ಆದ್ರ ಥಂಡಿಗೆ ಒಂದೊಂದರ ಗುಣ ಒಂದೊಂದು ತರ. ನಮ್ಮ ಕಡೆ ಎಳ್ಳಮಾಸಿ ಸುತ್ತಮುತ್ತ ನಸುಕಿನ್ಯಾಗ ಹದಿಮೂರು ಹದಿನಾಲ್ಕು ಡಿಗ್ರಿಗೆ ಇಳೀತೈತಿ, ಒಮ್ಮೊಮ್ಮಿ ಹತ್ತರ ಹತ್ರ ಹೋಗತೈತಿ. ಆ ಥಂಡಿಗೆ ಇಂಜಿನ್ ಎಣ್ಣಿ ಕೊಬ್ಬರಿ ಎಣ್ಣಿಯಂಗ ಹೆಪ್ಪುಗಟ್ಟೂದಿಲ್ಲ. ಬೆಲ್ಲದ ಪಾಕ ಆರಿದಂಗ ಮಂದ ಆಗತೈತಿ, ಅಷ್ಟ.

ಪಾಕ ಅಂದ್ನೆಲ್ಲ, ಅದನ್ನ ಹಿಡಕೊಂಡ ಮುಂದ ಹೋಗೂನು. ಉಂಡಿ ಕಟ್ಟುವಾಗ ನಾವು ಒಂದೆಳಿ ಪಾಕ, ಎರಡೆಳಿ ಪಾಕ ಅಂತ ಬೆರಳಾಗ ಹಿಡದು ನೋಡತೀವಿ. ಅಮೇರಿಕಾದ ಇಂಜಿನಿಯರ್‌ಗಳ ಸಂಘ ಒಂದೈತಿ, ಎಸ್.ಎ.ಇ. ಅಂತ. ಅವರು 1911ರಾಗ ಇಂಜಿನ್ ಎಣ್ಣಿಗೂ ಇಂಥಾದ್ದ ಒಂದು ಲೆಕ್ಕ ಮಾಡಿದ್ರು. ತೆಳು ಎಣ್ಣಿಗೆ ಸಣ್ಣ ನಂಬರ್, ಮಂದ ಎಣ್ಣಿಗೆ ದೊಡ್ಡ ನಂಬರ್: 20, 30, 40, 50. ಬರ್ಫ ಬೀಳೋ ದೇಶದಾಗ ಮಂದಿ ಬ್ಯಾಸಗಿಗೆ ದಪ್ಪ ಎಣ್ಣಿ, ಥಂಡಿಗೆ ತೆಳು ಎಣ್ಣಿ ಅಂತ ವರ್ಷಕ್ಕ ಎರಡು ಸಲ ಬದಲಿ ಮಾಡತಿದ್ರು, ನಾವು ಕಂಬಳಿ ತಗದು ಚಾದರ ಹಾಸಿದಂಗ. ಎರಡೂ ಕಾಲಕ್ಕ ನಡಿಯೋ ಎಣ್ಣಿ ಆಮ್ಯಾಲ ಬಂತು. ಈಗ ಡಬ್ಬಿ ಮ್ಯಾಲ 10ಡಬ್ಲ್ಯೂ-30, 20ಡಬ್ಲ್ಯೂ-40 ಅಂತ ಇರತೈತಲ್ಲ, ಆ ಡಬ್ಲ್ಯೂ ಅಂದ್ರ ವಿಂಟರ್, ಚಳಿಗಾಲ. ಮೊದಲಿನ ನಂಬರ್ ಥಂಡ್ಯಾಗ ಎಷ್ಟ ತೆಳುವಾಗಿ ಹರೀತೈತಿ ಅನ್ನೂದು, ಎರಡನೇದು ಇಂಜಿನ್ ಕಾದ ಮ್ಯಾಲ ಎಷ್ಟ ದಪ್ಪ ಉಳೀತೈತಿ ಅನ್ನೂದು. ನಾನು ಭಾಳ ವರ್ಷ ಡಬ್ಲ್ಯೂ ಅಂದ್ರ ತೂಕ ಅಂತ ತಿಳಕೊಂಡಿದ್ನಿ. ನಗಬ್ಯಾಡ್ರಿ, ಗ್ಯಾರೇಜಿನವರೂ ಹಂಗ ತಿಳಕೊಂಡಿರತಾರ.

ಆದ್ರ ನಮ್ಮ ಮನಿಗಳಿಗೆ ಗಾಡಿ ಎಣ್ಣಿ ಹೊಸಾದೇನಲ್ಲ. ಈ ನಂಬರಿಗಿಂತ ಭಾಳ ಮೊದಲ ಅದು ನಮ್ಮ ಒಲಿ ಮ್ಯಾಲನ ತಯಾರ ಆಗತಿತ್ತು. ನಮ್ಮ ತವರುಮನ್ಯಾಗ ಹೊಲದ ಬದುವಿಗೆ ಔಡಲ ಗಿಡ ಇದ್ವು. ಅವ್ವ ಔಡಲ ಬೀಜ ಹುರದು, ಒರಳಾಗ ಕುಟ್ಟಿ, ದೊಡ್ಡ ಗಡಗ್ಯಾಗ ನೀರು ಹಾಕಿ ಕುದಸಾಕಿ. ಮ್ಯಾಲ ತೇಲಿ ಬಂದ ಎಣ್ಣಿಯನ್ನ ಸೌಟಿಲೆ ಮೆಲ್ಲಕ ತಗದು ಮತ್ತ ಕಾಸಾಕಿ. ಆ ವಾಸನಿ ಮೂರು ದಿನ ಮನಿ ಬಿಡತಿರಲಿಲ್ಲ. ಬಸಿದ ಎಣ್ಣಿಯಾಗ ಒಂದಿಷ್ಟು ಕೂಸಿನ ನೆತ್ತಿಗೆ, ಒಂದಿಷ್ಟು ಹೊಟ್ಟಿ ಕಟ್ಟಿದವರಿಗೆ, ಒಂದಿಷ್ಟು ದೀಪಕ್ಕ. ತಳದಾಗ ಉಳಿದ ಗಸಿ ಎಣ್ಣಿ ಅಪ್ಪನ ಚಕ್ಕಡಿಗೆ. ಅಪ್ಪ ಅದಕ್ಕ ಸುಟ್ಟ ಹುಲ್ಲಿನ ಬೂದಿ ಕಲಸಿ ಕರ್ರಗಿನ ಕೀಲೆಣ್ಣಿ ಮಾಡಿ, ಅಚ್ಚಿಗೆ ಸವರಿ, ಗಾಲಿ ಏರಸತಿದ್ದ. ಕೀಲೆಣ್ಣಿ ತುಂಬಿದ ಕೊಳವಿ ಚಕ್ಕಡಿ ಕೆಳಗ ಜೋತಾಡತಿತ್ತು. ಎಣ್ಣಿ ಒಣಗಿದ ಚಕ್ಕಡಿ ಊರ ಹೊರಗ ಬರೂದ್ರಾಗ ಕಿರ್ರ್ ಅಂತ ಗೊತ್ತಾಗತಿತ್ತು. "ಯಾರ ಮನ್ಯಾಗ ಎಣ್ಣಿ ಇಲ್ಲೋ ನೋಡ್ರವಾ" ಅಂತ ಅವ್ವ ನಗತಿದ್ಲು.

ಈ ಔಡಲ ಎಣ್ಣಿಗೂ ಇಂಜಿನ್ನಿಗೂ ಭಾಳ ಹತ್ರದ ನಂಟೈತಿ ಅಂತ ನನಗ ತಿಳದದ್ದು ಇತ್ತೀಚಿಗೆ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಅನ್ನಾವ 1899ರಾಗ ಎಣ್ಣಿ ಕಂಪನಿ ಸುರು ಮಾಡಿದ. ಮೋಟಾರಿಗಂತ ಮಾಡಿದ ಎಣ್ಣ್ಯಾಗ ಔಡಲ ಎಣ್ಣಿ ಬೆರಸಿ, 1909ರಾಗ ಅದಕ್ಕ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟ. ಇಂಗ್ಲಿಷಿನ್ಯಾಗ ಔಡಲಕ್ಕ ಕ್ಯಾಸ್ಟರ್ ಅಂತಾರ, ಅದರಿಂದ ಕ್ಯಾಸ್ಟ್ರಾಲ್. ಪೆಟ್ರೋಲ್ ಬಂಕಿನ ಹಸರು ಕೆಂಪು ಡಬ್ಬಿ ಮ್ಯಾಲಿನ ಹೆಸರಾಗ ನಮ್ಮವ್ವನ ಗಡಗಿ ಕುಂತೈತಿ ಅಂದಂಗ ಆತು. ಮೊದಲನೇ ಮಹಾಯುದ್ಧದ ಕೆಲವು ವಿಮಾನದಾಗಂತೂ ಇಂಜಿನ್ನ ಗರಗರ ತಿರಗತಿತ್ತು. ಅದರ ಹೊಟ್ಟ್ಯಾಗ ಪೆಟ್ರೋಲ್ ಹಾದು ಹೋಗತಿದ್ದಕ್ಕ ಸಾದಾ ಎಣ್ಣಿ ಹಾಕಿದ್ರ ಪೆಟ್ರೋಲಿನ್ಯಾಗ ಕರಗಿ ತೊಳದ ಹೋಗತಿತ್ತು. ಔಡಲ ಎಣ್ಣಿ ಪೆಟ್ರೋಲಿನ್ಯಾಗ ಸುಲಭಕ್ಕ ಕರಗೂದಿಲ್ಲ, ಕಬ್ಬಿಣಕ್ಕ ಗಟ್ಟಿ ಹಿಡಕೊಳ್ಳತೈತಿ, ಅದಕ್ಕ ಅದನ್ನ ಹಾಕತಿದ್ರು. ಸುಟ್ಟ ಎಣ್ಣಿ ಹೊಗಿಯೆಲ್ಲ ಪೈಲಟ್‌ಗಳ ಮೂಗು ಬಾಯಾಗ ಹೋಗಿ, ಪಾಪ, ಇಳದ ಕೂಡ್ಲೆ ಎಲ್ಲಿಗೆ ಓಡತಿದ್ರು ಅಂತ ನಾ ಹೇಳಬೇಕಾಗಿಲ್ಲ. ನಾವೆಲ್ಲ ಸಣ್ಣವರಿದ್ದಾಗ ಕುಡದವರ.

ಈಗ ಯೆಜ್ಡಿಗೆ ಬರತೀನಿ. ಅದರ ಮೂಲ ಜಾವಾ, ಚೆಕೊಸ್ಲೊವಾಕಿಯಾದ ಗಾಡಿ. ಯಾನೆಚೆಕ್ ಅನ್ನಾವ 1929ರಾಗ ವಾಂಡರರ್ ಅನ್ನೋ ಜರ್ಮನ್ ಕಂಪನಿಯಿಂದ ಗಾಡಿ ಮಾಡೋ ಹಕ್ಕು ತಗೊಂಡ. ಎರಡೂ ಹೆಸರಿನ ಮೊದಲಿನ ಅಕ್ಷರ ಕೂಡಿ ಜಾವಾ ಆತು. ಹೊರದೇಶದ ಗಾಡಿ ತರಸೂದು ಕಷ್ಟ ಆದ ಕಾಲಕ್ಕ ರುಸ್ತುಮ್ ಇರಾನಿ, ಫಾರೂಖ್ ಇರಾನಿ ಅವರು ಮೈಸೂರಿನ ಯಾದವಗಿರಿಯೊಳಗ ಐಡಿಯಲ್ ಜಾವಾ ಕಾರ್ಖಾನಿ ತಗದ್ರು. 1961ರಾಗ ಅದನ್ನ ಉದ್ಘಾಟನೆ ಮಾಡಿದವರು ಆಗ ನಮ್ಮ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿ ಹೆಸರು ಯೆಜ್ಡಿ ಆತು. ಎರಡು ಸೈಲೆನ್ಸರ್, ಕಿಕ್ ಹೊಡಿಯೋದೂ ಗಿಯರ್ ಹಾಕೋದೂ ಒಂದ ಲಿವರ್. ಬರ್ಫಿನ ದೇಶದಾಗ ಹುಟ್ಟಿದ ಗಾಡಿ ಅದು. ಮುಧೋಳದ ಥಂಡಿಗೆ ಹೆದರೂದು ಅಂದ್ರೇನು? ಈ ಪ್ರಶ್ನೆ ನಾನು ಮೊದಲ ಕೇಳಕೋಬೇಕಾಗಿತ್ತು.

ಯೆಜ್ಡಿ ಟೂ ಸ್ಟ್ರೋಕ್. ಆಗಿನ ರಾಜದೂತ, ಲ್ಯಾಂಬ್ರೆಟಾ, ಬಜಾಜ್ ಸ್ಕೂಟರ್, ಲೂನಾ ಎಲ್ಲ ಟೂ ಸ್ಟ್ರೋಕನ. ಬುಲೆಟ್ ಒಂದು ಬ್ಯಾರೆ ಜಾತಿ. ಟೂ ಸ್ಟ್ರೋಕ್ ಇಂಜಿನ್ನಿನ ಹೊಟ್ಟ್ಯಾಗ ಎಣ್ಣಿ ತುಂಬಿಟ್ಟಿರೂದಿಲ್ಲ. ಪೆಟ್ರೋಲಿನ್ಯಾಗ ಎಣ್ಣಿ ಕಲಸಿ ಹಾಕಬೇಕು. ಆ ಪೆಟ್ರೋಲ್ ಒಳಗ ಹೋಗುವಾಗ ಜೋಡಿಗೆ ಬಂದ ಎಣ್ಣಿ ಬೇರಿಂಗು, ಪಿಸ್ಟನ್ನಿಗೆಲ್ಲ ಸವರಿ, ಕಡೀಕ ತಾನೂ ಸುಟ್ಟು ಹೊಗಿ ಆಗಿ ಹೋಗತೈತಿ. ಹಿಟ್ಟಿಗೆ ಎಣ್ಣಿ ಹಾಕಿ ನಾದಿದಂಗ ಅದು, ಮ್ಯಾಲ ಸವರಿದಂಗ ಅಲ್ಲ. ಹೆಚ್ಚಾದ್ರ ಪ್ಲಗ್ ತೊಯ್ದು ಕರ್ರಗಾಗಿ ಗಾಡಿ ಚಾಲೂ ಆಗೂದಿಲ್ಲ, ಸೈಲೆನ್ಸರ್ ಕಾಡಿಗಿ ಕಟ್ಟತೈತಿ. ಕಮ್ಮಿ ಆದ್ರ ಪಿಸ್ಟನ್ ಒಣಗಿ ಹಿಡಕೊಳ್ಳತೈತಿ. ಗಿಯರಿಗೂ ಕ್ಲಚ್ಚಿಗೂ ಎಣ್ಣಿ ಬ್ಯಾರೆ ಡಬ್ಬ್ಯಾಗಿರತೈತಿ, ಅದು ಸುಡೂದಿಲ್ಲ, ಕಾಲಕಾಲಕ್ಕ ಬದಲಿ ಮಾಡಬೇಕು. ಥಂಡಿಗೆ ಮಂದ ಆಗೂದು ಖರೇ ಅಂದ್ರ ಆ ಎಣ್ಣಿ. ಕ್ಲಚ್ ಪ್ಲೇಟು ಒಂದಕ್ಕೊಂದು ಅಂಟಿಕೊಂಡು, ಮೊದಲ ಗಿಯರ್ ಹಾಕಿದ ಕೂಡ್ಲೆ ಗಾಡಿ ಗಪ್ಪನ ಮುಂದ ಜಿಗೀತಿತ್ತು. ಅದಕ್ಕ ಇವರು ನಸುಕಿನ್ಯಾಗ ಕ್ಲಚ್ ಹಿಡದು ಎರಡು ಮೂರು ಸುಳ್ಳ ಕಿಕ್ ಹೊಡದು ಪ್ಲೇಟು ಬಿಡಿಸಿ, ಆಮ್ಯಾಲ ಚಾವಿ ಹಾಕತಿದ್ರು.

ನಮ್ಮ ಯಜಮಾನ್ರು ಆ ಗಾಡಿ ತಂದದ್ದು 1990ರಾಗ, ಬನಹಟ್ಟಿಯ ಒಬ್ಬ ಸೀರಿ ವ್ಯಾಪಾರಿ ಕಡಿಂದ, ಸೆಕೆಂಡ್ ಹ್ಯಾಂಡ್. ಆಗ ನಾವು ಮಹಾಲಿಂಗಪುರದಾಗ ಬಾಡಿಗಿ ಮನ್ಯಾಗ ಇದ್ವಿ. ಅವರು ಕಬ್ಬಿನ ಹಂಗಾಮಿಗೆ ದಿನಾ ಸಮೀರವಾಡಿಗೆ ಪಾಳಿ ಕೆಲಸಕ್ಕ ಬರತಿದ್ರು. ನಿಮಗ ಗೊತ್ತೈತಿ, ನಮ್ಮ ಕಡೆ ಕಬ್ಬು ನುರಿಸೋ ಕಾಲ ಅಂದ್ರ ಥಂಡಿ ಕಾಲನ. ಬ್ಯಾಸಗ್ಯಾಗ ಆರಾಮ ಮಲಗೋ ಗಾಡಿ, ಹೆಚ್ಚು ದುಡಿಬೇಕಾದದ್ದು ಇಬ್ಬನಿ ಬೀಳೋ ನಸುಕಿನ್ಯಾಗ.

ಪೆಟ್ರೋಲಿಗೆ ಎಣ್ಣಿ ಕಲಸೂದು ನನ್ನ ಕೆಲಸ ಆಗಿತ್ತು. ಅದು ಹೆಂಗ ನನ್ನ ಪಾಲಿಗೆ ಬಂತೋ. ಬಹುಶಃ ಅಳತಿ ಅಂದ್ರ ಹೆಂಗಸರ ಕೆಲಸ ಅಂತ ಇರಬೇಕು. ಬಂಕಿನ್ಯಾಗ ಕಲಸಿ ಕೊಡತಿದ್ರು, ಆದ್ರ ಇವರಿಗೆ ಆ ಅಳತಿ ಮ್ಯಾಲ ನಂಬಿಕಿ ಇರಲಿಲ್ಲ. ಪೆಟ್ರೋಲ್ ಕ್ಯಾನಿನ್ಯಾಗ ಮನಿಗೆ ತರತಿದ್ರು, ಎಣ್ಣಿ ಡಬ್ಬಿ ಬ್ಯಾರೆ. ಮನಿಯೊಳಗ ಪೆಟ್ರೋಲ್ ಇಡೂದು ಎಷ್ಟ ಅಪಾಯ ಅಂತ ಈಗ ನೆನಸಿದ್ರ ಮೈ ಝುಮ್ ಅಂತೈತಿ, ಯಾರೂ ಹಂಗ ಮಾಡಬ್ಯಾಡ್ರಿ. ಮೆಕ್ಯಾನಿಕ್ ಹೇಳಿದ್ದು ಲೀಟರಿಗೆ 40 ಮಿಲಿ, ಅಂದ್ರ ಇಪ್ಪತ್ತೈದಕ್ಕ ಒಂದು ಪಾಲು. ಐದು ಲೀಟರಿಗೆ 200 ಮಿಲಿ. ಮಗನ ಔಷಧದ ಒಂದು ಖಾಲಿ ಬಾಟ್ಲಿಗೆ ಮೊಳಿಲೆ ಗೀರು ಹಾಕಿಟ್ಟಿದ್ನಿ, ಆ ಗೀರಿಗೆ ಎರಡು ಸಲ ತುಂಬಿದ್ರ ಲೆಕ್ಕ ಸರಿ.

1992ರ ಥಂಡ್ಯಾಗ ಗಾಡಿ ಭಾಳ ಕಾಡಾಕ ಹತ್ತಿತು. ಇಪ್ಪತ್ತು ಕಿಕ್ ಹೊಡದ್ರೂ ಏಳತಿರಲಿಲ್ಲ. ಪ್ಲಗ್ ಬಿಚ್ಚಿದ್ರ ಎಣ್ಣ್ಯಾಗ ಅದ್ದಿ ತಗದಂಗ ಇರತಿತ್ತು. ಈಗ ಅದರ ಕಾರಣ ಗೊತ್ತು. ರಾತ್ರಿ ನಲ್ಲಿ ಬಂದ್ ಮಾಡದ ನಿಲ್ಲಿಸಿದ್ರ ಕಾರ್ಬೊರೇಟರಿನ್ಯಾಗಿನ ಪೆಟ್ರೋಲ್ ಆರಿ ಹೋಗಿ ಎಣ್ಣಿ ಮಾತ್ರ ಉಳೀತೈತಿ. ಮುಂಜಾನಿ ಮೊದಲ ಪ್ಲಗ್ಗಿಗೆ ಸಿಗೂದು ಆ ಎಣ್ಣಿನ. ಮನಿ ಇನ್ನೂ ಒಂದು ಫರ್ಲಾಂಗ್ ಇರುವಾಗ ನಲ್ಲಿ ಬಂದ್ ಮಾಡಿದ್ರ, ಉಳಿದ ಪೆಟ್ರೋಲ್ ಸುಟ್ಟು ಬಾಗಿಲಿಗೆ ಬರೂದ್ರಾಗ ಕಾರ್ಬೊರೇಟರ್ ಖಾಲಿ ಆಗತೈತಿ, ಕೆಲಸ ಮುಗೀತು. ಟ್ಯಾಂಕಿನ್ಯಾಗೂ ಹಂಗ, ನಿಂತ ಗಾಡ್ಯಾಗ ಎಣ್ಣಿ ತಳಾ ಹಿಡೀಬಾರದಂತ ಮುಂಜಾನಿ ಹ್ಯಾಂಡಲ್ ಹಿಡದು ಎಡಕ್ಕ ಬಲಕ್ಕ ನಾಕು ಸಲ ಅಲಗಿಸಿ ಆಮ್ಯಾಲ ನಲ್ಲಿ ಬಿಡಬೇಕು. ಇದೆಲ್ಲ ಆಗ ನಮಗ ಸರಿಯಾಗಿ ತಿಳೀದು. ನನ್ನ ಕಿವಿಗೆ ಬಿದ್ದದ್ದು ಒಂದ ಮಾತು: "ಎಣ್ಣಿ ಜಾಸ್ತಿ ಆದ್ರ ಪ್ಲಗ್ ಹೊಲಸ ಆಗತೈತಿ."

ನಾ ಲೆಕ್ಕ ಹಾಕಿದ್ನಿ. ಎಣ್ಣಿ ಜಾಸ್ತಿ ಆಗಿ ಪ್ಲಗ್ ಹೊಲಸ ಆಗತೈತಿ ಅಂದ್ರ ಎಣ್ಣಿ ಕಮ್ಮಿ ಮಾಡಿದ್ರ ಆತಲ್ಲ? ಮತ್ತ ಆ ಹೊಗಿ ಒಣಗಾಕಿದ ಅರಿವಿಗೆ ಹತ್ತಿ ಬಾಜೂದವರ ಜೋಡಿ ದಿನಾ ತಕರಾರು ಇತ್ತು. ಎಣ್ಣಿ ಡಬ್ಬಿ ರೊಕ್ಕಾನೂ ಉಳೀತೈತಿ. ಯಾರಿಗೂ ಹೇಳದ ಗೀರಿಗೆ ಎರಡು ಸಲ ತುಂಬೂದನ್ನ ಒಂದಕ್ಕ ಇಳಿಸಿದ್ನಿ. ದೀಪಾವಳಿ ಮುಗದ ಮ್ಯಾಲಿಂದ ಐದು ಲೀಟರಿಗೆ 100 ಮಿಲಿ.

ಏನಾತು ಗೊತ್ತೇನ್ರಿ? ಗಾಡಿ ಛಲೋ ಆತು! ನಾಕೈದು ಕಿಕ್ಕಿಗೆ ಏಳಾಕ ಹತ್ತಿತು, ಹೊಗಿ ಕಮ್ಮಿ ಆತು. ಇವರು "ಈಗ ಗಾಡಿ ಹದಕ್ಕ ಬಂತು ನೋಡು" ಅಂದ್ರು. ನಾ ಒಳಗೊಳಗ ಹಿಗ್ಗಿದ್ನಿ. ಉಳಿದ ರೊಕ್ಕದಾಗ ಮಗನಿಗೊಂದು ಸ್ವೆಟರ್ ತಗೊಂಡ್ನಿ.

1993ರ ಸಂಕ್ರಾಂತಿ ಆಗಿ ನಾಕು ದಿನ. ಮೊದಲ ಪಾಳಿಗೆ ಅವತ್ತು ತಡ ಆಗಿತ್ತು. ಗಾಡಿ ಚಾಲೂ ಮಾಡಿ ಎರಡು ನಿಮಿಷ ಬಿಟ್ಟು ಕಾಯಿಸೋ ರೂಢಿ, ಅವತ್ತು ಅದಕ್ಕೂ ವ್ಯಾಳ್ಯಾ ಇರಲಿಲ್ಲ. ದಾರಿಯೊಳಗ ಕಬ್ಬಿನ ಚಕ್ಕಡಿಗಳ ಸಾಲು. ಅವನ್ನ ದಾಟಾಕ ಅಂತ ಇವರು ಪೂರ್ತಿ ಎಕ್ಸಲೇಟರ್ ತಿರುವಿದ್ರು. ಸಾಲು ದಾಟಿ ಮುಂದ ಹೋದ್ರೋ ಇಲ್ಲೋ, ಇಂಜಿನ್ ಗಕ್ಕನ ಹಿಡಕೊಂಡು ಹಿಂದಿನ ಗಾಲಿ ತಿರಗೂದು ನಿಂತ ಬಿಟ್ಟಿತು. ಕ್ಲಚ್ ಹಿಡಿಯೂದ್ರಾಗ ಗಾಡಿ ಅಡ್ಡ ಬಿದ್ದು ಡಾಂಬರ್ ಮ್ಯಾಲ ಜಾರಕೋತ ಹೋತು. ಹಿಂದ ಬರತಿದ್ದದ್ದು ಚಕ್ಕಡಿ. ಎತ್ತು ತಾವ ನಿಂತ್ವು. ಅದು ಟ್ರ್ಯಾಕ್ಟರ್ ಆಗಿದ್ರ ಈ ಲೇಖನ ಬರಿಯಾಕ ನನಗ ಕೈ ಬರತಿರಲಿಲ್ಲ. ಚಕ್ಕಡಿಯವ ತನ್ನ ರುಂಬಾಲ ಬಿಚ್ಚಿ ಇವರ ಕೈ ಕಟ್ಟಿ, ಕಬ್ಬಿನ ಮ್ಯಾಲ ಕುಂದರಿಸಿಕೊಂಡು ಬಂದ. ಬಲಗೈ ಮಣಿಕಟ್ಟು ಮುರದಿತ್ತು. ಆರು ವಾರ ಪ್ಲಾಸ್ಟರ್.

ಮೆಕ್ಯಾನಿಕ್ ಇಂಜಿನ್ ಬಿಚ್ಚಿ ಪಿಸ್ಟನ್ ತಂದು ತೋರಿಸಿದ. ಬೆಕ್ಕು ಪರಚಿದಂಗ ಉದ್ದಕ ಗೆರಿ. "ಎಣ್ಣಿ ಎಷ್ಟ ಹಾಕತಿದ್ರಿ?" ಅಂತ ಕೇಳಿದ. ಇವರು "ಲೀಟರಿಗೆ ನಲವತ್ತ" ಅಂದ್ರು. ಅವರ ತಿಳುವಳಿಕಿ ಪ್ರಕಾರ ಅದು ಖರೇನ. ನಾ ಬಾಗಿಲದ ಒಳಗ ಚಾದ ಕಪ್ಪು ಹಿಡಕೊಂಡು ನಿಂತಿದ್ನಿ. "ಹಂಗಾರ ಥಂಡಿ ಇಂಜಿನ್ ಮ್ಯಾಲ ಜೋರ ಹೊಡದೀರಿ, ಅದಕ್ಕ ಹಿಡದೈತಿ" ಅಂದ ಅವ. ಚಾ ಕೊಟ್ಟು ಒಳಗ ಬಂದ್ನಿ. ಅವತ್ತಿನಿಂದ ಎರಡು ಗೀರು ಎಣ್ಣಿ ಮತ್ತ ಸುರು ಆತು. ಥಂಡಿಗೆ ಹಿಡೀತು ಅನ್ನೋ ಮಾತೂ ಸುರು ಆತು.

ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಪಿಸ್ಟನ್ ಅಲ್ಯುಮಿನಿಯಮ್ಮಿಂದು, ಅದರ ಹೊರಗಿನ ಸಿಲಿಂಡರ್ ಬೀಡಿಂದು. ಅಲ್ಯುಮಿನಿಯಮ್ ಲಗೂನ ಕಾದು ಉಬ್ಬತೈತಿ, ಬೀಡು ಸಾವಕಾಶ. ಥಂಡಿ ಇಂಜಿನ್ನಿನ್ಯಾಗ ಏಕದಂ ಜೋರ ಹೊಡದ್ರ ಒಳಗಿನದು ಉಬ್ಬಿ ಹೊರಗಿನದು ಇನ್ನೂ ಬಿಗಿ ಇರತೈತಿ, ಬಾಣಂತಿ ಬಳಿ ಕೈಯಾಗ ಸಿಕ್ಕಂಗ ಸಿಗತೈತಿ. ನಡುವ ಎಣ್ಣಿ ಪದರ ಇದ್ರ ಜಾರಿ ಪಾರಾಗತೈತಿ. ಆ ಪದರನ್ನ ನಾ ಅರ್ಧಾ ಮಾಡಿದ್ನಿ. ಬಾಜೂ ಮನಿ ಅಕ್ಕಾರಿಗೆ "ಅರ್ಧಾ ಖರೇ" ಅಂದದ್ದು ಇದಕ್ಕ.

ಈ ಸಲ ಮಗ ಗಾಡಿ ಚಾಲೂ ಮಾಡೋ ದಿನ "ಎಣ್ಣಿ ಎಷ್ಟವ್ವಾ?" ಅಂತ ನನ್ನ ಕೇಳಿದ. ಇವರು ಕಟ್ಟಿ ಮ್ಯಾಲ ಪೇಪರ್ ಓದಕೋತ ಕುಂತಿದ್ರು. "ನಲವತ್ತು" ಅಂದ್ನಿ. ಅಂದ ಮ್ಯಾಲ ಸುಮ್ಮನ ಇರಾಕ ಆಗಲಿಲ್ಲ. ಗೀರಿನ ಬಾಟ್ಲಿ, ಸ್ವೆಟರ್, ಎಲ್ಲಾ ಹೇಳಿಬಿಟ್ನಿ. ಮಗ ನಗಬೇಕೋ ಬ್ಯಾಡೋ ಅಂತ ಅವರ ಮಾರಿ ನೋಡಿದ. ಅವರು ಏನೂ ಅನ್ನಲಿಲ್ಲ. ಪೇಪರ್ ಮಡಚಿಟ್ಟು ಬಲಗೈ ಮಣಿಕಟ್ಟು ಒಮ್ಮೆ ತಿರುವಿ ನೋಡಕೊಂಡ್ರು. ಥಂಡಿ ದಿನದಾಗ ಅದು ಈಗೂ ನೋಯತೈತಿ. ಆಮ್ಯಾಲ ಮಗನಿಗೆ, "ಅಳತಿ ಅವ್ವನ ಹಾಕಲಿ" ಅಂದು ಒಳಗ ಹೋದ್ರು. ಅದು ಸಿಟ್ಟೋ ನಂಬಿಕಿಯೋ ಇನ್ನೂ ತಿಳದಿಲ್ಲ.

ಐಡಿಯಲ್ ಜಾವಾ ಕಾರ್ಖಾನಿ 1996ರಾಗ ಮುಚ್ಚಿತು. ಅಷ್ಟೊತ್ತಿಗೆ ಮಂದಿ ಮನಸ್ಸು ಬ್ಯಾರೆ ಕಡೆ ತಿರಗಿತ್ತು. 1985ರಾಗ ಹೀರೋ ಹೋಂಡಾದ ಸಿ.ಡಿ.100 ಬಂತು, ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಎಣ್ಣಿ ಕಲಸೋ ಗೋಜಿಲ್ಲ, ಹೊಗಿ ಇಲ್ಲ, ಮೈಲೇಜೂ ಭಾಳ. ತುಂಬಿಸಿ, ಮುಚ್ಚಿ, ಮರತ ಬಿಡ್ರಿ ಅನ್ನೋ ಅದರ ಜಾಹೀರಾತು ನಮ್ಮ ಓಣಿ ಹುಡುಗರ ಬಾಯಾಗ ಇತ್ತು. 1996, 2000ರಾಗ ಸರಕಾರದ ಹೊಗಿ ನಿಯಮ ಬಿಗಿ ಆಗಿ ಟೂ ಸ್ಟ್ರೋಕ್ ಗಾಡಿ ಒಂದೊಂದ ಕಣ್ಮರೆ ಆದ್ವು.

ಆದ್ರ ಮರೀರಿ ಅಂದದ್ದು ಪೆಟ್ರೋಲ್ ಬಗ್ಗೆ, ನಮ್ಮ ಗಂಡಸರು ಎಣ್ಣಿನೂ ಮರತ್ರು. ನಮ್ಮ ಮೈದುನ ಒಂದು ಫೋರ್ ಸ್ಟ್ರೋಕ್ ಗಾಡಿ ತಗೊಂಡ. ಎರಡು ವರ್ಷ ಎಣ್ಣಿ ಮುಚ್ಚಳ ತಗದು ನೋಡಿರಲಿಲ್ಲ. ತಗದಾಗ ಕಡ್ಡಿ ತುದಿಗೆ ಡಾಂಬರಿನಂಗ ಒಂದು ಹನಿ. ಯೆಜ್ಡಿಗೆ ಎಣ್ಣಿ ಇಲ್ಲದ ನಡೀತಿರಲಿಲ್ಲ ಅಂತ ನಾವು ವಾರಕ್ಕೊಮ್ಮಿ ಎಣ್ಣಿ ಮುಟ್ಟತಿದ್ವಿ. ಹೊಸಾ ಗಾಡಿ ಎಣ್ಣಿಯನ್ನ ಹೊಟ್ಟ್ಯಾಗ ಮುಚ್ಚಿಟ್ಟುಕೊಂಡಿತು, ಕಣ್ಣಿಗೆ ಬೀಳದ್ದು ನೆನಪಿಗೂ ಬರಲಿಲ್ಲ.

ಥಂಡ್ಯಾಗ ಫೋರ್ ಸ್ಟ್ರೋಕಿಗೆ ಬ್ಯಾರೇನ ಒಂದು ರೋಗ ಬರತೈತಿ. ಮನಿಯಿಂದ ಡೈರಿಗೆ, ಡೈರಿಯಿಂದ ಮನಿಗೆ ಅಂತ ಸಣ್ಣ ಸಣ್ಣ ಓಡಾಟ ಅಷ್ಟ ಮಾಡಿದ್ರ ಇಂಜಿನ್ ಪೂರ್ತಿ ಕಾಯೂದ ಇಲ್ಲ. ಒಳಗ ಹಬಿ ಹನಿಗಟ್ಟಿ ಎಣ್ಣ್ಯಾಗ ಕೂಡತೈತಿ, ಮುಚ್ಚಿದ ಬೋಗುಣಿಯ ಮುಚ್ಚಳದಾಗ ನೀರು ನಿಂತಂಗ. ಎಣ್ಣಿ ಮುಚ್ಚಳದ ಒಳಗ ಮಜ್ಜಿಗಿ ಬಣ್ಣದ ಬುರುಗು ಕಂಡ್ರ ಅದ ಗುರುತು. ವಾರಕ್ಕೊಮ್ಮಿ ಮುಧೋಳಕ್ಕೋ ಜಮಖಂಡಿಗೋ ಹೋಗಿ ಬಂದ್ರ ಕಾದು ಆರತೈತಿ. ಅಷ್ಟು ಓಡಿಸೂದಿಲ್ಲ ಅಂದ್ರ ಕಿಲೋಮೀಟರ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಾಗ ಎಣ್ಣಿ ಬದಲಿ ಮಾಡಸ್ರಿ. ಎಣ್ಣಿ ಯಾವ ನಂಬರ್ ಅಂತ ಗಾಡಿ ಪುಸ್ತಕದಾಗ ಬರದಿರತೈತಿ. ದಪ್ಪ ಎಣ್ಣಿ ಅಂದ್ರ ಗಟ್ಟಿ ಎಣ್ಣಿ ಅಂತ ತಿಳದು 10ಡಬ್ಲ್ಯೂ-30 ಬೇಡೋ ಗಾಡಿಗೆ 20ಡಬ್ಲ್ಯೂ-50 ಹಾಕಿಸಿದ್ರ, ನಸುಕಿನ್ಯಾಗ ಅದು ಮ್ಯಾಲ ಏರೂದ ತಡ ಆಗತೈತಿ. ಇಂಜಿನ್ ಸವಿಯೂದು ಹೆಚ್ಚಿಗಿ ಆ ಮೊದಲಿನ ಒಣ ಗಳಿಗ್ಯಾಗ. ಕಾರಿನ ಎಣ್ಣಿ ಅಂತೂ ಬ್ಯಾಡ, ಮೋಟಾರ್ ಸೈಕಲ್ಲಿನ ಕ್ಲಚ್ಚೂ ಅದ ಎಣ್ಣ್ಯಾಗ ತೊಯ್ದಿರತೈತಿ, ಜಾರಾಕ ಹತ್ತತೈತಿ.

ಹಳೇ ಗಾಡಿ ಇದ್ದವರಿಗೆ ಈಗ ಇನ್ನೊಂದು ಹೊಸಾ ವಿಚಾರ, ಅದು ನಮ್ಮೂರಿಂದ ಹೊರಟದ್ದು. ನಮ್ಮ ಕಬ್ಬಿನಿಂದ ಎಥನಾಲ್ ಆಗತೈತಿ, ಆ ಎಥನಾಲ್ ಪೆಟ್ರೋಲಿಗೆ ಬೆರೀತೈತಿ. 2003ರ ಹೊತ್ತಿಗೆ ನೂರಕ್ಕ 5 ಪಾಲಿನಿಂದ ಸುರು ಆದದ್ದು ಈಗ 20ಕ್ಕ ಬಂದೈತಿ. ಆ 20 ಪಾಲಿನ ಪೆಟ್ರೋಲ್ 2023ರ ಫೆಬ್ರವರಿಯಾಗ ಬೆಂಗಳೂರಾಗ ಬಿಡುಗಡೆ ಆತು. ಕಬ್ಬು ಬೆಳಿಯೋ ಮನಿಗಳಿಗೆ ಇದು ಒಳ್ಳೇದು, ನಾನೂ ಆ ಮನಿಯಾಕಿನ. ಆದ್ರ ಎಥನಾಲ್ ನೀರು ಹೀರತೈತಿ, ಉಪ್ಪಿನ ಭರಣಿ ಮಳಿಗಾಲದಾಗ ಹೀರಿದಂಗ. ಇಬ್ಬನಿ ದಿನದಾಗ ಅರ್ಧಾ ಟ್ಯಾಂಕಿನ ಹಳೇ ಗಾಡಿ ತಿಂಗಳಗಟ್ಟಲೆ ನಿಂತ್ರ ತಳದಾಗ ನೀರು ಕೂಡತೈತಿ, ಟ್ಯಾಂಕು ತುಕ್ಕು ಹಿಡೀತೈತಿ, ಆ ಕಾಲದ ರಬ್ಬರ್ ಪೈಪು ಮೆತ್ತಗಾಗತಾವ. ಮಗ ಪೈಪು ಬದಲಿ ಮಾಡಿದ್ದು ಅದಕ್ಕ. ಈಗ ನಾವು ಹದಿನೈದು ದಿನಕ್ಕ ಸಾಲುವಷ್ಟ ಪೆಟ್ರೋಲ್ ತಂದು ಎಣ್ಣಿ ಕಲಸತೀವಿ, ಬಾಕಿ ಇಟ್ಟುಕೊಳ್ಳೂದಿಲ್ಲ. ಒಂದು ಮಜಾ ಅಂದ್ರ, ಪೆಟ್ರೋಲಿನ್ಯಾಗ ಕರಗದ ಔಡಲ ಎಣ್ಣಿ ಸ್ಪಿರಿಟ್ಟಿನ್ಯಾಗ ಛಲೋ ಕರಗತೈತಂತ. ಮೆಥನಾಲ್ ಅನ್ನೋ ಸ್ಪಿರಿಟ್ ಮ್ಯಾಲ ಓಡೋ ಜಾವಾ ರೇಸ್ ಗಾಡಿಗಳಿಗೆ ಯುರೋಪಿನ್ಯಾಗ ಔಡಲ ಎಣ್ಣಿನ ಹಾಕೋ ರೂಢಿ ಇತ್ತು. ನಮ್ಮ ಬದುವಿನ ಗಿಡಾನೂ ನಮ್ಮ ಹೊಲದ ಕಬ್ಬೂ ಅಲ್ಲಿ ಕೂಡಿದಂಗ. ಮನ್ಯಾಗ ಇದನ್ನ ಮಾಡಿ ನೋಡಬ್ಯಾಡ್ರಿ ಮತ್ತ, ಔಡಲ ಎಣ್ಣಿ ಸುಟ್ಟು ಅಂಟು ಕಟ್ಟತೈತಿ, ಬಿಚ್ಚಿ ತಿಕ್ಕೋರು ಯಾರು.

ಬಾಜೂ ಮನಿ ಅಕ್ಕಾರ ಗಾಡಿ ನಾ ಇನ್ನೂ ನೋಡಿಲ್ಲ. ಅದು ಹಳೇ ಫೋರ್ ಸ್ಟ್ರೋಕ್, ಹೆಚ್ಚಾಗಿ ಬ್ಯಾಟರಿ ಬಿದ್ದಿರಬೇಕು ಇಲ್ಲಾ ಪ್ಲಗ್ ಹಳೇದಾಗಿರಬೇಕು, ಥಂಡಿಗೆ ಅವ ಮೊದಲ ಕೈ ಕೊಡೂದು. ಆದ್ರೂ ಎಣ್ಣಿ ನೋಡೇ ಬಿಡೂನು. ಅಕ್ಕಾರ, ನಾಳೆ ಸಂಜಿ ಮುಂದ ಗಾಡಿಯನ್ನ ಸಪಾಟ ಜಾಗಾದಾಗ ನೆಟ್ಟಗ ನಿಲ್ಲಿಸಿ, ನಿಮ್ಮವ್ರಿಗೆ ಏನೂ ಹೇಳದ ಒಂದು ಬಿಳೇ ಅರಿವಿ ತಗೊಂಡು ಬರ್ರಿ. ಕಡ್ಡಿ ತಗದು ಒರಸಿ, ಮತ್ತ ಅದ್ದಿ ನೋಡೂನು. ಮಜ್ಜಿಗಿ ಬಣ್ಣ ಇದ್ರ ಒಂದು ಮಾತು, ಡಾಂಬರ್ ಇದ್ರ ಇನ್ನೊಂದು ಮಾತು. ಗೀರಿಗಿಂತ ಕೆಳಗಿದ್ರ ಮಾತ್ರ, ಅವರಿಗೆ ಅವತ್ತ ರಾತ್ರೀನ ಹೇಳಿಬಿಡ್ರಿ.